ಊರ ನಡುವಿನ ಕ್ರೀಡಾಂಗಣ: ಕಾರ್ಡಿಫ್‌ನಿಂದ ಗೆಳೆಯನಿಗೊಂದು ಪತ್ರ

ಪ್ರಿಯ ರಾಘವ,

ದೊಡ್ಡ ಕ್ರೀಡಾಂಗಣಗಳನ್ನೆಲ್ಲ ಊರಾಚೆಗೆ ಸಾಗಿಸಿಬಿಡಬೇಕು ಎಂದು ನೀನು ಕಳೆದ ಪತ್ರದಲ್ಲಿ ಬರೆದಿದ್ದೆ. 2025ರ ಜೂನ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ ಸಿಕ್ಕಿ 11 ಜನ ತೀರಿಕೊಂಡ ಮೇಲೆ ಹಾಗೆ ಅನ್ನಿಸುವುದು ಸಹಜವೇ. ಆದರೂ ನಾನಿರುವ, ವೇಲ್ಸ್ ನಾಡಿನ ರಾಜಧಾನಿಯಾದ ಕಾರ್ಡಿಫ್‌ನ ರಗ್ಬಿ ಕ್ರೀಡಾಂಗಣದ ಸಂಗತಿಯನ್ನು ಕೇಳಿದ ಮೇಲೆ ನಿನ್ನ ತೀರ್ಮಾನ ಸ್ವಲ್ಪ ಸಡಿಲವಾದೀತು ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ಸುಮಾರು 74 ಸಾವಿರ ಜನ ಕೂರುವ ಪ್ರಿನ್ಸಿಪಾಲಿಟಿ ಕ್ರೀಡಾಂಗಣ ಇಲ್ಲಿ ಊರಿನ ನಟ್ಟನಡುವೆಯೇ ಇದೆ. ಕಾರ್ಡಿಫ್‌ನ ಜನಸಂಖ್ಯೆಯೇ ಸುಮಾರು 3.6 ಲಕ್ಷ, ಅಂದರೆ ಊರಿನ ಐದರಲ್ಲೊಂದು ಪಾಲು ಒಳಗೆ ಕೂತಂತೆ. ಪೂರ್ವಕ್ಕೆ ವೆಸ್ಟ್‌ಗೇಟ್ ಬೀದಿ, ಪಶ್ಚಿಮಕ್ಕೆ ಗೋಡೆಗೆ ತಾಗಿಕೊಂಡೇ ಹರಿಯುವ ಟಾಫ್ ನದಿ, ದಕ್ಷಿಣಕ್ಕೆ ಕೆಲವೇ ನಿಮಿಷದ ನಡಿಗೆಯಲ್ಲಿ ಸೆಂಟ್ರಲ್ ರೈಲು ನಿಲ್ದಾಣ, ಉತ್ತರಕ್ಕೆ ತುಸು ದೂರದಲ್ಲಿ ಕೋಟೆ. ಈ ಜಾಗವಿರುವುದೂ ಒಂದು ರೀತಿಯಲ್ಲಿ ರೈಲಿನ ಉಪಕಾರದಿಂದಲೇ. ಮೊದಲು ನದಿ ಇನ್ನೂ ಪೂರ್ವಕ್ಕೆ, ಈಗಿನ ವೆಸ್ಟ್‌ಗೇಟ್ ಬೀದಿಯ ಮಗ್ಗುಲಲ್ಲೇ ಹರಿಯುತ್ತಿತ್ತು. 19ನೆಯ ಶತಮಾನದ ನಡುವಿನಲ್ಲಿ, ನಿಲ್ದಾಣಕ್ಕೆ ಗಟ್ಟಿ ನೆಲ ಬೇಕೆಂದು ಎಂಜಿನಿಯರ್ ಬ್ರುನೆಲ್ ಅದರ ಪಾತ್ರವನ್ನೇ ಪಶ್ಚಿಮಕ್ಕೆ ತಿರುಗಿಸಿದ. ಕಾರ್ಡಿಫ್ ಆರ್ಮ್ಸ್ ಎಂಬ ಹೋಟೆಲಿನ ಹಿಂದಿದ್ದ ಜೌಗು ಬಯಲು ಕ್ರಮೇಣ ಆಟದ ಬಯಲಾಯಿತು. 1905ರ ಡಿಸೆಂಬರ್ 16ರಂದು ಅಲ್ಲಿಯೇ ವೇಲ್ಸ್ ತಂಡ ನ್ಯೂಜಿಲೆಂಡನ್ನು 3–0ರಿಂದ ಸೋಲಿಸಿತು. ಅಂದು ಎದುರಾಳಿಗಳ ಹಾಕಾ ನೃತ್ಯಕ್ಕೆ ಉತ್ತರವಾಗಿ ಆಟಗಾರರು ವೇಲ್ಸ್‌ನ ನಾಡಗೀತೆಯನ್ನು ಎತ್ತಿಕೊಂಡರು, ನೆರೆದ ಜನವೆಲ್ಲ ದನಿಗೂಡಿಸಿತು.

1999ರ ರಗ್ಬಿ ವಿಶ್ವಕಪ್ಪಿಗಾಗಿ ಇಲ್ಲಿದ್ದ ಹಳೆಯ ರಾಷ್ಟ್ರೀಯ ಕ್ರೀಡಾಂಗಣವನ್ನು ಕೆಡವಿ ಹೊಸದನ್ನು ಕಟ್ಟುವಾಗ, ಪೂರ್ವ–ಪಶ್ಚಿಮವಾಗಿದ್ದ ಮೈದಾನವನ್ನು ಉತ್ತರ–ದಕ್ಷಿಣಕ್ಕೆ ತಿರುಗಿಸಿದರು. 1958ರಲ್ಲಿ ಕಟ್ಟಿದ್ದ ಎಂಪೈರ್ ಈಜುಕೊಳ ಇದಕ್ಕಾಗಿಯೇ ನೆಲಸಮವಾಯಿತು. ಆದರೆ ಉತ್ತರದ ಅಂಚಿಗೇ ಅಂಟಿಕೊಂಡಿರುವ ಕಾರ್ಡಿಫ್ ಕ್ಲಬ್ಬಿನ ಮೈದಾನ ಮಾತ್ರ ಕೈಗೆ ಬರಲಿಲ್ಲ. ಹೀಗಾಗಿ ಮೂರು ದಿಕ್ಕಿಗೆ ಮೂರು ಅಂತಸ್ತು ಇರುವ ಕಟ್ಟಡಕ್ಕೆ ಉತ್ತರದಲ್ಲಿ ಎರಡೇ ಅಂತಸ್ತು. ಅಂದಿನ ರಗ್ಬಿ ಒಕ್ಕೂಟದ ಮುಖಂಡ ಗ್ಲ್ಯಾನ್‌ಮೋರ್ ಗ್ರಿಫಿತ್ಸ್ ಅವರ ಹೆಸರಿನಲ್ಲಿ ಜನ ಅದನ್ನು ಗ್ಲ್ಯಾನ್‌ಮೋರ್ಸ್ ಗ್ಯಾಪ್ ಎಂದು ಛೇಡಿಸುತ್ತಾರೆ. ನನಗಂತೂ ಆ ಮೊಟಕು ಮೂಲೆಯೇ ಇಡೀ ಕಟ್ಟಡದಲ್ಲಿ ಹೆಚ್ಚು ಇಷ್ಟ. ಊರು ತನ್ನ ಗುರುತನ್ನು ಅಲ್ಲಿ ಒತ್ತಿಬಿಟ್ಟಿದೆ. ಬಯಲಲ್ಲಿ ಒಂಟಿಯಾಗಿ ಎದ್ದ ಕ್ರೀಡಾಂಗಣಕ್ಕೆ ಅಂಥ ಮುಖ ಬರುವುದಿಲ್ಲ. ಕೆಲಸ ಇನ್ನೂ ಮುಗಿದಿರದ 1999ರ ಜೂನ್ 26ರಂದೇ ವೇಲ್ಸ್ ಇಲ್ಲಿ ದಕ್ಷಿಣ ಆಫ್ರಿಕವನ್ನು ಮೊದಲ ಬಾರಿಗೆ ಸೋಲಿಸಿತು. ತೆರೆದು ಮುಚ್ಚುವ ಚಾವಣಿಯೂ ಇದೆ, ಮುಚ್ಚಲು ಸುಮಾರು 20 ನಿಮಿಷ ಸಾಕು. ಆದರೆ ಎದುರಾಳಿಗಳು ಒಪ್ಪದ ಕಾರಣ ಅದನ್ನು ತೆರೆದೇ ಇಟ್ಟು ಆಡಿದ ಪಂದ್ಯಗಳೂ ಉಂಟು.

ಪಂದ್ಯದ ದಿನ ಬೆಳಗಿನಿಂದಲೇ ನಡುಪೇಟೆಯ ಚಹರೆ ಬದಲಾಗುತ್ತದೆ. ವೆಸ್ಟ್‌ಗೇಟ್ ಬೀದಿಯೂ ಸುತ್ತಲಿನ ರಸ್ತೆಗಳೂ ವಾಹನಗಳಿಗೆ ಬಂದ್ ಆಗಿ, ಇಡೀ ಪೇಟೆ ಕಾಲ್ನಡಿಗೆಯವರ ಪಾಲಾಗುತ್ತದೆ. ಸೇಂಟ್ ಮೇರಿ ಬೀದಿಯಲ್ಲಿ ಕೆಂಪು ಶಾಲುಗಳನ್ನೂ, ಮುಖದ ಸುತ್ತ ಹಳದಿ ದಳಗಳು ಅರಳುವ ಡ್ಯಾಫೊಡಿಲ್ ಟೋಪಿಗಳನ್ನೂ ಮಾರುವವರ ಕೂಗು. ಆಟ ಮುಗಿದ ಮೇಲೆ ಕ್ಯಾರೊಲೈನ್ ಬೀದಿಯಲ್ಲಿ ಬಿಸಿ ಚಿಪ್ಸ್ ಮೇಲೆ ಕರಿ ಸಾಸ್ ಸುರಿದು ಕೊಡುತ್ತಾರೆ. ಅದು ನಮ್ಮ ಸಾರಿನಂತೆಯೂ ಅಲ್ಲ, ಗೊಜ್ಜಿನಂತೆಯೂ ಅಲ್ಲ, ಚಳಿಯಲ್ಲಿ ಮಾತ್ರ ಬೇಡ ಅನ್ನಲಾಗುವುದಿಲ್ಲ. ಇದಕ್ಕಿಂತ ಮುಖ್ಯವಾದುದು ನಿಲ್ದಾಣದ ಎದುರಿನ ವ್ಯವಸ್ಥೆ. ಯಾವ ಕಡೆಗೆ ಹೋಗುವವರು ಎಲ್ಲಿ ಸಾಲು ನಿಲ್ಲಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿ, ಪ್ಲಾಟ್‌ಫಾರ್ಮಿನಲ್ಲಿ ಜಾಗವಾದಂತೆಲ್ಲ ಕಂತುಕಂತಾಗಿ ಒಳಗೆ ಬಿಡುತ್ತಾರೆ. ಕಾಯುವುದು ತಪ್ಪುವುದಿಲ್ಲ, ಗೊಣಗಾಟವೂ ತಪ್ಪುವುದಿಲ್ಲ, ಆದರೆ ನೂಕುನುಗ್ಗಲಿಗೆ ಎಡೆ ಕಡಿಮೆ.

ಎಲ್ಲವೂ ಚೆಂದ ಎಂದು ಹೇಳಿದರೆ ನೀನು ನಂಬುವುದಿಲ್ಲ, ನಂಬಲೂಬಾರದು. ನದಿಯಾಚೆಯ ರಿವರ್‌ಸೈಡ್ ಬಡಾವಣೆಯಲ್ಲಿ ಮನೆ ಮಾಡಿರುವ ನಮಗೆ ಅಂಥ ದಿನ ಕಾರು ಹೊರತೆಗೆಯುವುದು ಮೂರ್ಖತನ; ಬಸ್ಸುಗಳು ಬಳಸುದಾರಿ ಹಿಡಿಯುತ್ತವೆ, ಮರುದಿನ ಬೀದಿಗಳಲ್ಲಿ ಪ್ಲಾಸ್ಟಿಕ್ ಲೋಟಗಳ ರಾಶಿ. ಅಷ್ಟಾದರೂ ಕ್ರೀಡಾಂಗಣವನ್ನು ಹೆದ್ದಾರಿಯ ಪಕ್ಕಕ್ಕೆ ಒಯ್ದಿದ್ದರೆ 74 ಸಾವಿರ ಜನಕ್ಕೆ ಎಷ್ಟು ಕಾರು, ಎಷ್ಟು ಎಕರೆ ಪಾರ್ಕಿಂಗ್ ಬೇಕಾಗುತ್ತಿತ್ತು ಎಂದು ಲೆಕ್ಕ ಹಾಕಿ ನೋಡು. ಚಿನ್ನಸ್ವಾಮಿಯ ಪಕ್ಕದಲ್ಲೂ ಮೆಟ್ರೋ ಇದೆ, ನಡೆಯಲು ಕಬ್ಬನ್ ಪಾರ್ಕ್ ಇದೆ. ಜಾಗವನ್ನು ದೂರುವ ಮೊದಲು, ಜನ ಬಂದು ಹೋಗುವ ದಾರಿಯನ್ನು ಯಾರು, ಎಷ್ಟು ಮುಂಚಿತವಾಗಿ ಯೋಚಿಸಿದ್ದರು ಎಂದು ಕೇಳಬೇಕಲ್ಲವೇ?

ಬರುವುದಾದರೆ ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ, ಆರು ದೇಶಗಳ ಪಂದ್ಯಾವಳಿ ನಡೆಯುವಾಗ ಬಾ. ಟಿಕೆಟ್ ಸಿಗುವುದು ಕಷ್ಟ, ಆದ್ದರಿಂದ ಬೇಗನೆ ತಿಳಿಸು.

ನಿನ್ನ,
ಶ್ರೀಧರ