ಮಕ್ಕಳ ಸಂತೆಯಲ್ಲಿ ಲೆಕ್ಕವೂ ಇರಲಿ

ಶಾಲೆಗಳ ಮಕ್ಕಳ ಸಂತೆ ಈಗ ಫೋಟೊ ತೆಗೆಸಿಕೊಳ್ಳುವ ಕಾರ್ಯಕ್ರಮವಾಗಿಬಿಟ್ಟಿದೆ, ಮಕ್ಕಳಿಗೆ ದುಡ್ಡಿನ ಲೆಕ್ಕ ಮಾತ್ರ ಬರುತ್ತಿಲ್ಲ. ಪತ್ರಿಕೆಯಲ್ಲಿ ಬಂದ ಸಂತೆಯ ವರದಿ ನೋಡಿ ಇದನ್ನು ಬರೆಯುತ್ತಿದ್ದೇನೆ. ಹೋದ ಸಲ ನನ್ನ ಮಗಳು 10 ಕಟ್ಟು ಕೊತ್ತಂಬರಿ ಮಾರಿ 150 ರೂಪಾಯಿ ತಂದಳು. ಲಾಭ ಎಷ್ಟು ಅಂದರೆ ‘150’ ಅಂದಳು! ಬೆಳಿಗ್ಗೆ ಮಾರುಕಟ್ಟೆಯಲ್ಲಿ ಸೊಪ್ಪಿಗೆ ನಾನು ಕೊಟ್ಟಿದ್ದು 100, ಆಟೊಗೆ 40. ಉಳಿದಿದ್ದು ಬರೀ ಹತ್ತು ರೂಪಾಯಿ ಅಂತ ಗೊತ್ತಾದಾಗ ಮುಖ ಸಪ್ಪಗಾಯಿತು. ಆಮೇಲೆ ಅವಳೇ ಕೇಳಿದಳು, ‘ಹಾಗಾದ್ರೆ ನಮ್ಮ ಬೀದಿಗೆ ಬರೋ ಸೊಪ್ಪಿನ ಅಜ್ಜಿಗೆ ಎಷ್ಟು ಉಳಿಯುತ್ತೆ?’ ಆ ಅಜ್ಜಿಯ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡುವವಳು ನಾನೇ, ಏನು ಹೇಳಲಿ.

ತಪ್ಪು ನಮ್ಮದೂ ಇದೆ. ಮಾಲು ತಂದುಕೊಡುವವರೂ ನಾವೇ, ಉಳಿದದ್ದನ್ನು ಸಂಜೆ ಕೊಳ್ಳುವವರೂ ನಾವೇ. ಸಂತೆಯ ಮರುದಿನ ಒಂದು ಪೀರಿಯಡ್ ಲೆಕ್ಕಕ್ಕೆ ಬಿಡಲಿ. ಬಂಡವಾಳ ಮನೆಗೆ ವಾಪಸ್, ಲಾಭ ಮಗುವಿಗೆ. ಹತ್ತು ವರ್ಷ ತುಂಬಿದ ಮಕ್ಕಳು ಅಂಚೆ ಕಚೇರಿಯಲ್ಲಿ ತಮ್ಮ ಹೆಸರಲ್ಲೇ ಉಳಿತಾಯ ಖಾತೆ ತೆರೆದು ತಾವೇ ನಡೆಸಬಹುದು, ಶುರು ಮಾಡಲು 500 ರೂಪಾಯಿ ಸಾಕು. ಶಿಕ್ಷಕರು ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಲಿ.

– ಒಬ್ಬ ಪೋಷಕಿ, ತಿಪಟೂರು