ಸಂಪಾದಕರ ಮಾತು: 68 ಬಾರಿ ನೆಲಕ್ಕೆ ಬಿದ್ದವನಿಗೆ ಬೇಕಾದ ಮೂರು ಸೆಕೆಂಡು

ಆತ್ಮೀಯ ಸದಸ್ಯರೇ, ಗೌರಿ ಗಣೇಶ ಹಬ್ಬದ ಶುಭಾಶಯಗಳು.

ಈ ಸಂಚಿಕೆ ನಿಮ್ಮ ಕೈಸೇರಿದ ಕೆಲವೇ ದಿನಗಳಲ್ಲಿ, ಅಂದರೆ ಸೆಪ್ಟೆಂಬರ್ 8ರ ಸೋಮವಾರ ರಾತ್ರಿ, ಸೋಲ್ಜರ್ ಫೀಲ್ಡ್ ಕ್ರೀಡಾಂಗಣದಲ್ಲಿ ಶಿಕಾಗೋ ಬೇರ್ಸ್ ತಂಡವು ಮಿನ್ನೆಸೋಟ ವೈಕಿಂಗ್ಸ್ ವಿರುದ್ಧ 2025ರ ಋತುವಿನ ಮೊದಲ ಪಂದ್ಯವನ್ನು ಆಡಲಿದೆ. ಮುಖ್ಯ ತರಬೇತುದಾರರಾಗಿ ಬೆನ್ ಜಾನ್ಸನ್ ಅವರಿಗೂ ರಾಷ್ಟ್ರೀಯ ಫುಟ್‌ಬಾಲ್ ಲೀಗಿನಲ್ಲಿ (ಎನ್‌ಎಫ್‌ಎಲ್) ಅದೇ ಮೊದಲ ಪಂದ್ಯ. ಹಬ್ಬದ ಸಂಚಿಕೆಯ ಸಂಪಾದಕೀಯದಲ್ಲಿ ಅಮೆರಿಕನ್ ಫುಟ್‌ಬಾಲ್ ಏಕೆ ಎಂದು ಕೆಲವು ಹಿರಿಯರು ಕೇಳಬಹುದು. ನಮ್ಮ ಮನೆಗಳ ಚಳಿಗಾಲದ ಭಾನುವಾರಗಳನ್ನು ಕಂಡವರಿಗೆ ಉತ್ತರ ಗೊತ್ತಿದೆ. ನಾವು ಕ್ರಿಕೆಟ್ಟನ್ನು ಮನಸ್ಸಿನಲ್ಲಿ ಹೊತ್ತು ಈ ಊರಿಗೆ ಬಂದವರು. ನಮ್ಮ ಮಕ್ಕಳು ಇಲ್ಲಿಯೇ ಹುಟ್ಟಿ, ಕಡುನೀಲಿ ಮತ್ತು ಕಿತ್ತಳೆ ಬಣ್ಣದ ಅಂಗಿ ತೊಟ್ಟು, ಈ ತಂಡದ ಸೋಲನ್ನು ತಮ್ಮ ಸೋಲೆಂದು ಉಂಡು ಬೆಳೆದವರು. ಅವರ ಜೊತೆಗೆ ಸೋಫಾದ ಮೇಲೆ ಕುಳಿತು ಈ ಆಟವನ್ನು ಕಲಿತ ತಂದೆತಾಯಂದಿರಲ್ಲಿ ನಾನೂ ಒಬ್ಬ. ಆದ್ದರಿಂದ ಈ ಬಾರಿ ಬರೆಯುತ್ತಿರುವುದು ನಮ್ಮೂರಿನ ತಂಡದ ಬಗ್ಗೆಯೇ.

ಆಟ ತಿಳಿಯದವರಿಗೆ ಎರಡು ಮಾತು. ಚೆಂಡು ತನ್ನ ವಶದಲ್ಲಿರುವ ತಂಡಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶಗಳಿರುತ್ತವೆ. ಸಾಗಿದರೆ ಮತ್ತೆ ನಾಲ್ಕು ಸಿಗುತ್ತವೆ, ಇಲ್ಲದಿದ್ದರೆ ಚೆಂಡು ಎದುರಾಳಿಯ ಪಾಲಾಗುತ್ತದೆ. ಹೀಗೆ ಮುನ್ನುಗ್ಗುವ ಹನ್ನೊಂದು ಮಂದಿಯ ಪಡೆಯೇ ಆಫೆನ್ಸ್. ಅದರ ನಡುವೆ ನಿಂತು, ಚೆಂಡನ್ನು ಎಸೆಯಬೇಕೇ, ಓಟಗಾರನ ಕೈಗೆ ಕೊಡಬೇಕೇ ಎಂಬುದನ್ನು ನಡೆಸಿಕೊಡುವವನು ಕ್ವಾರ್ಟರ್‌ಬ್ಯಾಕ್. ಕಬಡ್ಡಿಯಲ್ಲಿ ದಾಳಿಗೆ ಹೋದವನು ಒಬ್ಬಂಟಿ. ಅವನ ಉಸಿರು, ಅವನ ಕಾಲು, ಅಷ್ಟೇ ಅವನ ಆಸ್ತಿ. ಇಲ್ಲಿ ಹಾಗಲ್ಲ. ಕ್ವಾರ್ಟರ್‌ಬ್ಯಾಕ್‌ನ ಮುಂದೆ ಐದು ದೈತ್ಯರು ಗೋಡೆಯಾಗಿ ನಿಂತಿರುತ್ತಾರೆ, ಅವರನ್ನು ಲೈನ್ ಎನ್ನುತ್ತಾರೆ. ಅವನು ಕಣ್ಣು ಹಾಯಿಸಿ, ಸರಿಯಾದವನನ್ನು ಆರಿಸಿ, ಚೆಂಡನ್ನು ಬಿಡಲು ಬೇಕಾಗುವ ಎರಡೂವರೆ ಮೂರು ಸೆಕೆಂಡುಗಳನ್ನು ಗಳಿಸಿಕೊಡುವುದು ಈ ಐವರ ಕೆಲಸ. ಆ ಗೋಡೆ ಒಡೆದು, ಚೆಂಡನ್ನು ಎಸೆಯುವ ಮುನ್ನವೇ ಎದುರಾಳಿ ಅವನನ್ನು ಕೆಡವಿದರೆ ಅದನ್ನು ಸ್ಯಾಕ್ ಎನ್ನುತ್ತಾರೆ.

ಕಳೆದ ವರ್ಷ ಬೇರ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಕೇಲೆಬ್ ವಿಲಿಯಮ್ಸ್ 68 ಬಾರಿ ಹೀಗೆ ನೆಲಕ್ಕೆ ಬಿದ್ದರು. ಋತುವಿನಲ್ಲಿ ಇರುವುದೇ 17 ಪಂದ್ಯಗಳು. ಲೆಕ್ಕ ಹಾಕಿದರೆ ಪಂದ್ಯಕ್ಕೆ ಸರಿಯಾಗಿ ನಾಲ್ಕು ಬಾರಿ. ಇಡೀ ಲೀಗಿನಲ್ಲಿ ಅಷ್ಟು ಸಲ ಬಿದ್ದವರು ಬೇರೆ ಯಾರೂ ಇರಲಿಲ್ಲ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 2024ರ ಡ್ರಾಫ್ಟ್‌ನಲ್ಲಿ ಮೊದಲನೆಯವರಾಗಿ ಆಯ್ಕೆಯಾದ, ಕಾಲೇಜು ಫುಟ್‌ಬಾಲ್‌ನ ಅತ್ಯುನ್ನತ ಗೌರವವಾದ ಹೈಸ್ಮನ್ ಪ್ರಶಸ್ತಿಯನ್ನು 2022ರಲ್ಲಿ ಗೆದ್ದಿದ್ದ ಈ ಯುವಕನಿಗೆ ಆಗ ಇನ್ನೂ ಇಪ್ಪತ್ತಮೂರರ ಆಸುಪಾಸು. ಮೊದಲ ಆರು ಪಂದ್ಯಗಳಲ್ಲಿ ನಾಲ್ಕನ್ನು ಗೆದ್ದಾಗ ಊರಿಗೆ ಊರೇ ಹಿಗ್ಗಿತ್ತು. ಆಮೇಲೆ ವಾಷಿಂಗ್ಟನ್ ತಂಡದ ವಿರುದ್ಧ ಕೊನೆಯ ಕ್ಷಣದ ಒಂದು ದೂರದ ಎಸೆತ ಕೈಗೆ ಬಂದಿದ್ದ ಗೆಲುವನ್ನು ಕಸಿಯಿತು; ಅಲ್ಲಿಂದ ಸತತ ಹತ್ತು ಸೋಲು. ನವೆಂಬರ್ ಮಧ್ಯದಲ್ಲಿ ಆಫೆನ್ಸ್‌ನ ಹೊಣೆ ಹೊತ್ತವರನ್ನು ಕೈಬಿಡಲಾಯಿತು, ಥ್ಯಾಂಕ್ಸ್‌ಗಿವಿಂಗ್ ಮರುದಿನ ಮುಖ್ಯ ತರಬೇತುದಾರರನ್ನೂ ಬಿಡುಗಡೆ ಮಾಡಲಾಯಿತು. ನೂರು ವರ್ಷ ದಾಟಿದ ಈ ತಂಡ ಋತುವಿನ ನಡುವೆ ಮುಖ್ಯ ತರಬೇತುದಾರರನ್ನು ತೆಗೆದದ್ದು ಅದೇ ಮೊದಲು. ಒಟ್ಟು ಫಲ 5 ಗೆಲುವು, 12 ಸೋಲು.

ಇಷ್ಟಾದರೂ ಆ ಯುವಕ ಎಸೆದದ್ದು 3,541 ಗಜ, 20 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸುವುದು). ಎದುರಾಳಿಯ ಕೈಗೆ ಸಿಕ್ಕ ಎಸೆತಗಳು ಕೇವಲ ಆರು. ಒಂದು ಹಂತದಲ್ಲಿ ಸತತ 353 ಎಸೆತಗಳಲ್ಲಿ ಒಂದೂ ಎದುರಾಳಿಯ ಪಾಲಾಗಲಿಲ್ಲ, ಹೊಸಬರ ಮಟ್ಟಿಗೆ ಅದು ದಾಖಲೆ. ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಗೋಡೆಯೇ ಇಲ್ಲದ ಮನೆಯಲ್ಲಿ ಮಳೆಗಾಲವನ್ನು ಕಳೆದವನು ಎದೆಗುಂದಿ ಚೆಂಡನ್ನು ಎಲ್ಲೆಂದರಲ್ಲಿ ಬಿಸಾಡಲಿಲ್ಲ. ನಿಜ, ಆ 68ರಲ್ಲಿ ಕೆಲವು ಅವರದೇ ತಪ್ಪು: ಕಾಲೇಜಿನಲ್ಲಿ ಬೆನ್ನಟ್ಟಿದವರನ್ನು ತಪ್ಪಿಸಿಕೊಂಡು ಓಡಾಡಿ, ಕೊನೆಗಳಿಗೆಯಲ್ಲಿ ಅದ್ಭುತವೊಂದನ್ನು ತೋರಿಸುವ ಅಭ್ಯಾಸವಿತ್ತು, ಆ ಅಭ್ಯಾಸದಿಂದ ಚೆಂಡನ್ನು ಬಿಡಬೇಕಾದ ಹೊತ್ತು ಮೀರಿ ಹಿಡಿದುಕೊಂಡ ಸಂದರ್ಭಗಳು ಕಡಿಮೆಯಿಲ್ಲ. ಆದರೆ ಮೊದಲ ವರ್ಷದಲ್ಲಿಯೇ ಮೂವರ ಬಾಯಿಂದ ಮೂರು ಬಗೆಯ ಸೂಚನೆ ಕೇಳಬೇಕಾಗಿ ಬಂದವನಿಗೆ ಯಾವ ಅಭ್ಯಾಸವನ್ನು ಯಾರು ತಿದ್ದಬೇಕಿತ್ತು?

ಬೆನ್ ಜಾನ್ಸನ್ ಅವರ ಮೇಲೆ ನನಗಿರುವ ಭರವಸೆ ಹುಟ್ಟುವುದು ಇಲ್ಲಿಯೇ. ಉತ್ತರ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಗಣಿತ ಮತ್ತು ಕಂಪ್ಯೂಟರ್ ವಿಜ್ಞಾನ ಓದಿದ, ಅಲ್ಲಿನ ತಂಡದಲ್ಲಿ ವಿದ್ಯಾರ್ಥಿವೇತನವಿಲ್ಲದೆ ಸೇರಿದ ಕ್ವಾರ್ಟರ್‌ಬ್ಯಾಕ್ ಆಗಿದ್ದ ಅವರು, 2022ರಿಂದ ಮೂರು ಋತು ಡೆಟ್ರಾಯ್ಟ್ ಲಯನ್ಸ್ ತಂಡದ ಆಫೆನ್ಸನ್ನು ನಡೆಸಿದರು. ಅದರ ಹಿಂದಿನ ವರ್ಷ ಆ ತಂಡ ಗೆದ್ದದ್ದು ಮೂರೇ ಪಂದ್ಯ. 2024ರಲ್ಲಿ ಅದೇ ತಂಡ 15 ಪಂದ್ಯ ಗೆದ್ದು, 564 ಅಂಕ ಗಳಿಸಿ, ಅಂಕ ಗಳಿಕೆಯಲ್ಲಿ ಇಡೀ ಲೀಗಿಗೇ ಮೊದಲನೆಯದಾಯಿತು. ಅದಕ್ಕಿಂತ ಮುಖ್ಯವಾದದ್ದು ಜೇರೆಡ್ ಗಾಫ್ ಅವರ ಕಥೆ. ಲಾಸ್ ಏಂಜಲೀಸ್ ತಂಡವು ಇನ್ನು ಸಾಕೆಂದು ಬಿಟ್ಟುಕೊಟ್ಟಿದ್ದ ಆ ಕ್ವಾರ್ಟರ್‌ಬ್ಯಾಕ್, ಜಾನ್ಸನ್ ಅವರ ಯೋಜನೆಯೊಳಗೆ ಮತ್ತೆ ತಲೆಯೆತ್ತಿ ನಿಂತರು. ಆಟಗಾರನ ಕೈಗೆ ಹೊಂದುವಂತೆ ಆಟವನ್ನು ಹೊಲಿದುಕೊಡುವ ಇಂಥ ದರ್ಜಿಗಾರಿಕೆ ಈ ಊರಿನ ಕ್ವಾರ್ಟರ್‌ಬ್ಯಾಕ್‌ಗಳಿಗೆ ಸಿಕ್ಕದ್ದು ಅಪರೂಪ.

ಕಳೆದ ಡಿಸೆಂಬರ್ 22ರಂದು ಸೋಲ್ಜರ್ ಫೀಲ್ಡ್‌ನಲ್ಲಿಯೇ ನಡೆದ ಒಂದು ಪ್ರಸಂಗವನ್ನು ನಮ್ಮಲ್ಲಿ ಹಲವರು ಮರೆತಿಲ್ಲ. ಗಾಫ್ ಚೆಂಡು ಹಿಡಿದು ಹಿಂದೆ ಸರಿಯುತ್ತಾ ಎಡವಿದಂತೆ ನಟಿಸಿದರು, ಪಕ್ಕದಲ್ಲಿದ್ದ ಓಟಗಾರ ಗಿಬ್ಸ್ ನಿಜಕ್ಕೂ ನೆಲಕ್ಕೆ ಬಿದ್ದರು, ಚೆಂಡು ಕೈತಪ್ಪಿತೆಂದು ನಮ್ಮ ರಕ್ಷಕರು ಮುನ್ನುಗ್ಗಿದರು. ಅಷ್ಟರಲ್ಲಿ ಚೆಂಡು ಯಾರೂ ಕಾಯದೆ ಬಿಟ್ಟಿದ್ದ ಸ್ಯಾಮ್ ಲಪೋರ್ಟಾ ಅವರ ಕೈಸೇರಿ ಟಚ್‌ಡೌನ್ ಆಗಿತ್ತು. ಆ ದಿನ ಬೇರ್ಸ್ 34-17ರಿಂದ ಸೋತಿತು, ತಿಂಗಳು ತುಂಬುವುದರೊಳಗೆ ಆ ತಂತ್ರವನ್ನು ಹೆಣೆದವರನ್ನೇ ಕರೆತಂದಿತು. ಜಾನ್ಸನ್ ಎಂದರೆ ಇಂಥ ಚಮತ್ಕಾರಗಳೇ ಎಂದು ಭಾವಿಸಿದವರು ನಮ್ಮ ನಡುವೆ ಬಹಳ. ನನ್ನ ಅಭಿಪ್ರಾಯ ಬೇರೆ. ಡೆಟ್ರಾಯ್ಟ್‌ನ ಓಟದ ಆಟಕ್ಕೆ ಎದುರಾಳಿಗಳು ನಿಜವಾಗಿ ಅಂಜುತ್ತಿದ್ದುದರಿಂದಲೇ ಆ ನಟನೆ ಫಲಿಸಿತು. ಲೈನ್ ದುರ್ಬಲವಾಗಿದ್ದ ತಂಡ ಅದನ್ನೇ ಮಾಡಲು ಹೋಗಿದ್ದರೆ ಎಡವುವ ನಟನೆ ಮುಗಿಯುವ ಮೊದಲೇ ಕ್ವಾರ್ಟರ್‌ಬ್ಯಾಕ್ ನಿಜವಾಗಿ ನೆಲದ ಮೇಲಿರುತ್ತಿದ್ದರು.

ಜಾನ್ಸನ್ ಅವರ ಆಫೆನ್ಸ್‌ನ ಜೀವಾಳ ಬಹಳ ಹಳೆಯ ಕ್ರಮವೊಂದರಲ್ಲಿದೆ. ಇಂದಿನ ಹೆಚ್ಚಿನ ಕ್ವಾರ್ಟರ್‌ಬ್ಯಾಕ್‌ಗಳು ನಾಲ್ಕೈದು ಗಜ ಹಿಂದೆ ನಿಂತು ಚೆಂಡನ್ನು ಪಡೆಯುತ್ತಾರೆ, ವಿಲಿಯಮ್ಸ್ ಬೆಳೆದದ್ದೂ ಹಾಗೆಯೇ. ಜಾನ್ಸನ್ ಅವರು ಮಾತ್ರ, ಗಾಫ್ ಅವರನ್ನು ನಿಲ್ಲಿಸುತ್ತಿದ್ದಂತೆ, ಲೈನ್‌ನ ನಡುವೆ ನಿಲ್ಲುವ ಸೆಂಟರ್ ಆಟಗಾರನ ಬೆನ್ನಿಗೆ ಒತ್ತಿ ನಿಂತು ಚೆಂಡನ್ನು ಕೈಯಿಂದ ಕೈಗೆ ಪಡೆಯುವ ಕ್ರಮಕ್ಕೆ ಹೆಚ್ಚು ಒತ್ತು ಕೊಡುತ್ತಾರೆ. ಆಗ ಕ್ವಾರ್ಟರ್‌ಬ್ಯಾಕ್ ಎದುರಾಳಿಗೆ ಬೆನ್ನು ತಿರುಗಿಸಿ ಓಟಗಾರನತ್ತ ಹೋಗುತ್ತಾನೆ. ಚೆಂಡನ್ನು ಕೊಟ್ಟನೋ ಇಟ್ಟುಕೊಂಡನೋ ಎಂಬುದು ಒಂದು ಕ್ಷಣ ಯಾರಿಗೂ ಕಾಣದು. ಎದುರಾಳಿ ಅನುಮಾನಿಸುವ ಆ ಒಂದು ಕ್ಷಣವೇ ಲೈನ್‌ನವರಿಗೆ ಸಿಗುವ ಉಡುಗೊರೆ.

ಈ ಕ್ರಮ ಶಿಕಾಗೋಗೆ ಹೊಸದೇನೂ ಅಲ್ಲ, ಲೀಗಿಗೆ ಅದರ ರುಚಿ ಹಿಡಿಸಿದ್ದೇ ಈ ತಂಡ. ತಂಡದ ಸ್ಥಾಪಕರೂ ತರಬೇತುದಾರರೂ ಆಗಿದ್ದ ಜಾರ್ಜ್ ಹ್ಯಾಲಸ್ ಅವರು ಕ್ಲಾರ್ಕ್ ಶಾಗ್ನೆಸಿ ಅವರ ನೆರವಿನಿಂದ ತಿದ್ದಿ ಬೆಳೆಸಿದ, ಕ್ವಾರ್ಟರ್‌ಬ್ಯಾಕ್ ಹೀಗೆಯೇ ಸೆಂಟರ್‌ನ ಬೆನ್ನಿಗೆ ನಿಲ್ಲುವ ಟಿ ವ್ಯೂಹದಲ್ಲಿ, ಸಿಡ್ ಲಕ್‌ಮನ್ ಕ್ವಾರ್ಟರ್‌ಬ್ಯಾಕ್ ಆಗಿ, 1940ರ ಡಿಸೆಂಬರ್ 8ರಂದು ಬೇರ್ಸ್ ತಂಡವು ವಾಷಿಂಗ್ಟನ್ ತಂಡವನ್ನು 73-0 ಅಂತರದಿಂದ ಸೋಲಿಸಿ ಪ್ರಶಸ್ತಿ ಗೆದ್ದಿತು. ಲೀಗಿನ ಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ಅಂತರದ ಗೆಲುವು ಇಂದಿಗೂ ಇಲ್ಲ. ಆಧುನಿಕ ಆಫೆನ್ಸನ್ನು ಜಗತ್ತಿಗೆ ತೋರಿಸಿದ ಊರು ಆಮೇಲೆ ರಕ್ಷಣೆಯ ಊರಾಯಿತು. 1985ರ ಚಾಂಪಿಯನ್ ತಂಡದ ಹೆಸರನ್ನು ನಮ್ಮ ಮಕ್ಕಳೂ ಬಾಯಿಪಾಠ ಹೇಳುತ್ತಾರೆ, ಅದು ಗೆದ್ದದ್ದು ಎದುರಾಳಿಗಳನ್ನು ಹಿಂಡಿ. ವಾಲ್ಟರ್ ಪೇಟನ್ ಅವರಂಥ ಮಹಾನ್ ಓಟಗಾರ ಇದ್ದರೆಂಬುದು ಬೇರೆ ಮಾತು. ಎಸೆಯುವ ಕಲೆ ಮಾತ್ರ ಇಲ್ಲಿ ಬೇರು ಬಿಡಲೇ ಇಲ್ಲ: ಒಂದೇ ಋತುವಿನಲ್ಲಿ 4,000 ಗಜ ಎಸೆದ ಕ್ವಾರ್ಟರ್‌ಬ್ಯಾಕ್ ಇಲ್ಲದ ಏಕೈಕ ತಂಡ ಬೇರ್ಸ್. 1995ರಲ್ಲಿ ಎರಿಕ್ ಕ್ರೇಮರ್ ಎಸೆದ 3,838 ಗಜವೇ 2024ರ ಋತುವಿನ ಕೊನೆಯವರೆಗೂ ಇಲ್ಲಿನ ದಾಖಲೆಯಾಗಿತ್ತು. ಹ್ಯಾಲಸ್ ಅವರ ಮಗಳು, ತಂಡದ ಒಡತಿಯಾಗಿದ್ದ ವರ್ಜೀನಿಯಾ ಮೆಕ್ಯಾಸ್ಕಿ ಅವರು ಜಾನ್ಸನ್ ನೇಮಕವಾದ ಮರುತಿಂಗಳು, ಫೆಬ್ರವರಿಯಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡರು. ತಂದೆಯ ಕಾಲದ ಆ ಕ್ರಮ ಮತ್ತೆ ಮನೆಗೆ ಬಂದು ಫಲ ಕೊಡುವುದನ್ನು ಅವರು ನೋಡಬೇಕಿತ್ತೆಂದು ನನಗೆ ಆಗಾಗ ಅನ್ನಿಸುತ್ತದೆ.

ಈ ವರ್ಷ ತಂಡ ಮಾಡಿದ ಕೆಲಸಗಳಲ್ಲಿ ನನಗೆ ಅತ್ಯಂತ ಸಮಾಧಾನ ತಂದದ್ದು ಲೈನ್‌ನ ನಡುಭಾಗವನ್ನು ಪೂರ್ತಿ ಬದಲಿಸಿದ್ದು. ಲೀಗಿನ ಅಂತಿಮ ಪಂದ್ಯಗಳಾದ ನಾಲ್ಕು ಸೂಪರ್ ಬೌಲ್‌ಗಳನ್ನು ಗೆದ್ದ ಅನುಭವಿ ಜೋ ಥೂನಿ ಅವರು ಕ್ಯಾನ್ಸಸ್ ಸಿಟಿಯಿಂದ ಬಂದರು, 2026ರ ಡ್ರಾಫ್ಟ್‌ನ ನಾಲ್ಕನೇ ಸುತ್ತಿನ ಒಂದೇ ಆಯ್ಕೆಗೆ ಬದಲಾಗಿ. ಡೆಟ್ರಾಯ್ಟ್‌ನಲ್ಲಿ ಜಾನ್ಸನ್ ಅವರ ಕೈಕೆಳಗೆ ಆಡಿದ್ದ ಜೋನಾ ಜಾಕ್ಸನ್ ಬಂದರು. ಅಟ್ಲಾಂಟಾದಲ್ಲಿದ್ದ ಸೆಂಟರ್ ಡ್ರೂ ಡಾಲ್ಮನ್ ಮೂರು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದರು. ಗೋಡೆಯ ನಡುವೆ ಬಿರುಕು ಬಿಟ್ಟರೆ ಎದುರಾಳಿ ನೇರವಾಗಿ ಕ್ವಾರ್ಟರ್‌ಬ್ಯಾಕ್‌ನ ಮುಖದ ಮೇಲೆ ಬರುತ್ತಾನೆ. ಅಂಚಿನಿಂದ ಬರುವವನನ್ನು ಒಂದು ಹೆಜ್ಜೆ ಮುಂದಿಟ್ಟು ತಪ್ಪಿಸಿಕೊಳ್ಳಬಹುದು, ನಡುವಿನಿಂದ ಬರುವವನಿಂದ ತಪ್ಪಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಎಡತುದಿಯ ಟ್ಯಾಕಲ್ ಸ್ಥಾನಕ್ಕೆ ಮಾತ್ರ ಬೇಸಿಗೆಯುದ್ದಕ್ಕೂ ಪೈಪೋಟಿ ನಡೆದಿದೆ, ನನ್ನ ಆತಂಕ ಉಳಿದಿರುವುದು ಅಲ್ಲಿಯೇ.

ಚೆಂಡು ಹಿಡಿಯುವವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಡಿಜೆ ಮೂರ್, ರೋಮ್ ಒಡೂನ್ಝೆ, ಕೋಲ್ ಕಮೆಟ್ ಅವರ ಜೊತೆಗೆ ಡ್ರಾಫ್ಟ್‌ನ ಹತ್ತನೆಯ ಆಯ್ಕೆಯಾಗಿ ಮಿಷಿಗನ್‌ನ ಕೋಲ್ಸ್ಟನ್ ಲವ್‌ಲ್ಯಾಂಡ್, ಎರಡನೇ ಸುತ್ತಿನಲ್ಲಿ ಮಿಸೌರಿಯ ಲೂಥರ್ ಬರ್ಡನ್ ಸೇರಿದ್ದಾರೆ. ಕೈಗಳಿಗೆ ಕೊರತೆಯಿಲ್ಲ.

ಹೊಸ ತರಬೇತುದಾರರು ಬಂದಾಗಲೆಲ್ಲ ನಾವು ಹೀಗೆಯೇ ಆಸೆಪಟ್ಟಿದ್ದೇವೆ ಎಂಬುದನ್ನು ನಾನು ಮರೆತಿಲ್ಲ. 2013ರಲ್ಲಿ ಮಾರ್ಕ್ ಟ್ರೆಸ್ಟ್‌ಮನ್ ಅವರ ಮೊದಲ ವರ್ಷ ತಂಡ ಅಂಕ ಗಳಿಕೆಯಲ್ಲಿ ಲೀಗಿಗೇ ಎರಡನೆಯದಾಯಿತು, ಮರುವರ್ಷ ಐದೇ ಗೆಲುವು ಕಂಡು ಅವರು ಹೊರಟರು. 2018ರಲ್ಲಿ ಮ್ಯಾಟ್ ನೇಗಿ ಅವರ ಮೊದಲ ವರ್ಷ 12 ಗೆಲುವು, ವರ್ಷದ ತರಬೇತುದಾರ ಪ್ರಶಸ್ತಿ. ಮರುವರ್ಷ ಎಂಟು ಗೆಲುವು, ಎಂಟು ಸೋಲು. ಇಬ್ಬರೂ ಆಫೆನ್ಸ್‌ನಲ್ಲಿ ಪಳಗಿದವರೇ. ಅವರ ಹೊಸ ಆಟವನ್ನು ಎದುರಾಳಿಗಳು ಒಂದು ವರ್ಷ ಕುಳಿತು ಓದಿದ ಮೇಲೆ ಉತ್ತರಿಸಲು ಬೇಕಾದ ತಳಹದಿ ಇಲ್ಲಿರಲಿಲ್ಲ ಎಂದು ನನಗನ್ನಿಸುತ್ತದೆ. ಜಾನ್ಸನ್ ಅವರಿಗೂ ಇದು ಸುಲಭವಲ್ಲ. ಪ್ರತಿ ಆಟವನ್ನು ಸೂಚಿಸುವ ಕೆಲಸವನ್ನು ತಮ್ಮಲ್ಲಿಯೇ ಇಟ್ಟುಕೊಂಡು, ಮೊದಲ ಬಾರಿಗೆ ಇಡೀ ತಂಡವನ್ನೂ ನಡೆಸಬೇಕು.

ಆಗಸ್ಟ್ 17ರಂದು ಬಫಲೋ ವಿರುದ್ಧದ ಪೂರ್ವಭಾವಿ ಪಂದ್ಯದಲ್ಲಿ ವಿಲಿಯಮ್ಸ್ ಮೊದಲ ಸರದಿಯಲ್ಲಿಯೇ ತಂಡವನ್ನು 92 ಗಜ ನಡೆಸಿ ಟಚ್‌ಡೌನ್ ತಲುಪಿಸಿದಾಗ ನಮ್ಮ ಮನೆಯಲ್ಲಿ ಎದ್ದ ಕೂಗು ಪಕ್ಕದ ಮನೆಗೂ ಕೇಳಿಸಿರಬೇಕು. ಪೂರ್ವಭಾವಿ ಪಂದ್ಯಗಳಲ್ಲಿ ಎದುರಾಳಿಗಳು ಮುಖ್ಯ ಆಟಗಾರರನ್ನು ಹೆಚ್ಚಾಗಿ ಕೂರಿಸುತ್ತಾರಾದ್ದರಿಂದ ಆ ಅಂಕಗಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಚೆಂಡು ಹೊತ್ತಿಗೆ ಸರಿಯಾಗಿ ಕೈಬಿಟ್ಟಿತು ಎಂಬುದನ್ನು ಮಾತ್ರ ಹಿಡಿಯುತ್ತೇನೆ.

ಸಾಧ್ಯವಾದರೆ 4,000 ಗಜವೂ ಬರಲಿ. ನಾನು ಬೇಡುವುದು ಅದನ್ನಲ್ಲ. 68 ಎಂಬ ಆ ಸಂಖ್ಯೆ 40ರ ಒಳಗೆ ಇಳಿಯಲಿ. ಆಟ ಶುರುವಾಗುವ ಮೊದಲೇ ಅಲುಗಾಡಿ ಐದು ಗಜ ದಂಡ ತೆರುವ ತಪ್ಪುಗಳು ನಿಲ್ಲಲಿ. ಮೊದಲ ನಾಲ್ಕು ಪಂದ್ಯಗಳಲ್ಲಿ ಮೂರು ಸೋತರೂ ಅಕ್ಟೋಬರ್‌ನಲ್ಲಿ ಯೋಜನೆಯನ್ನು ಬದಲಿಸಬೇಕೆಂಬ ಕೂಗು ನಮ್ಮ ಬಾಯಿಂದ ಏಳದಿರಲಿ. ಹೊಸ ಭಾಷೆಯೊಂದರ ವ್ಯಾಕರಣವನ್ನು ಹನ್ನೊಂದು ಮಂದಿ ಒಟ್ಟಿಗೆ ಕಲಿಯಬೇಕಾದಾಗ ಅದಕ್ಕೆ ಎಷ್ಟು ಕಾಲ ಹಿಡಿಯುತ್ತದೆಂಬುದು ನಮ್ಮ ಕನ್ನಡ ತರಗತಿಗಳ ಗುರುಗಳಿಗೆ ಚೆನ್ನಾಗಿ ಗೊತ್ತಿದೆ.

ಸೋಮವಾರದ ಪಂದ್ಯ ರಾತ್ರಿ 7.15ಕ್ಕೆ. ಮರುದಿನ ಶಾಲೆ ಇದ್ದರೂ ಮೊದಲಾರ್ಧದವರೆಗೆ ಎಚ್ಚರವಾಗಿರಲು ನಮ್ಮ ಮನೆಯ ಮಕ್ಕಳಿಗೆ ಅನುಮತಿ ಸಿಕ್ಕಿದೆ. ಬೇರ್ಸ್ ಮೊದಲ ಬಾರಿ ಚೆಂಡು ಹಿಡಿದಾಗ ಅವರ ಕಣ್ಣು ವಿಲಿಯಮ್ಸ್ ಅವರ ಮೇಲಿರುತ್ತದೆ. ನನ್ನ ಕಣ್ಣು ಅವರ ಮುಂದೆ ಬಗ್ಗಿ ನಿಂತ ಐವರ ಮೇಲೆ, ಅದರಲ್ಲೂ ಎಡಗಡೆಯ 62ನೇ ಸಂಖ್ಯೆಯ ಥೂನಿ ಅವರ ಮೇಲೆ ಇರುತ್ತದೆ. ಚೆಂಡು ಅಲುಗಿದ ಕೂಡಲೇ ಮನಸ್ಸಿನಲ್ಲಿಯೇ ಎಣಿಸಲು ಶುರುಮಾಡುತ್ತೇನೆ: ಒಂದು, ಎರಡು, ಮೂರು.