ಮಾತು ನಿಲ್ಲಿಸಿದ ಆ ಹುಡುಗನ ಬಗ್ಗೆ

ಪ್ರೀತಿಯ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರದ ಉಳಿದ ವಿಷಯಗಳಿಗೆ ನಿಧಾನವಾಗಿ ಉತ್ತರಿಸುತ್ತೇನೆ. ಕೋಡ್ ರಿವ್ಯೂನಲ್ಲಿ, ಅಂದರೆ ಒಬ್ಬರು ಬರೆದ ಪ್ರೋಗ್ರಾಂ ಅನ್ನು ಇನ್ನೊಬ್ಬರು ಪರಿಶೀಲಿಸುವಾಗ, ನೀನು ಬರೆದ ಒಂದು ಟಿಪ್ಪಣಿಯ ನಂತರ ತಂಡದ ಹೊಸ ಹುಡುಗ ಬೆಳಗಿನ ಸಭೆಯಲ್ಲಿ ತುಟಿ ಬಿಚ್ಚುತ್ತಿಲ್ಲವೆಂದೂ, ಅಂದಿನಿಂದ ವಾದವಿವಾದಗಳಿಲ್ಲದೆ ಕೆಲಸ ಸುಸೂತ್ರವಾಗಿ ಸಾಗುತ್ತಿದೆಯೆಂದೂ, ಇದಕ್ಕೆ ಸಮಾಧಾನಪಡಬೇಕೋ ಹೆದರಬೇಕೋ ತಿಳಿಯುತ್ತಿಲ್ಲವೆಂದೂ ಬರೆದಿದ್ದೀಯೆ. ಆ ಸಾಲನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಅಂಥ ಸುಸೂತ್ರವಾದ ಎರಡು ತಿಂಗಳು ನನ್ನ ಪಾಲಿಗೂ ಬಂದಿದ್ದವು. ನಾನು ನಡೆಸುತ್ತಿದ್ದ ತಂಡಕ್ಕೆ ಆಗಷ್ಟೇ ಸೇರಿದ್ದ ಹುಡುಗಿಯೊಬ್ಬಳು ಡೇಟಾಬೇಸ್ ಬಗ್ಗೆ ಏನೋ ಕೇಳಿದಾಗ, ಎಲ್ಲರೆದುರೇ, 'ಮೊದಲು ಪೂರ್ತಿ ಓದಿಕೊಂಡು ಬಾ, ಆಮೇಲೆ ಕೇಳು' ಎಂದಿದ್ದೆ. ಬೈದೆನೆಂದು ನನಗೆ ಅನ್ನಿಸಿರಲೇ ಇಲ್ಲ. ನನ್ನ ಹಿರಿಯರು ನನಗೆ ಹೇಳಿದ್ದೂ ಅದನ್ನೇ. ಎರಡು ತಿಂಗಳ ನಂತರ, ಬಳಕೆಯಲ್ಲಿಲ್ಲವೆಂದು ನಾನು ನಂಬಿದ್ದ ಮಾಹಿತಿಯ ಕಾಲಂ ಒಂದನ್ನು ಡೇಟಾಬೇಸಿನ ಹಳೆಯ ಟೇಬಲ್‌ನಿಂದ ತೆಗೆದುಹಾಕಿದೆವು. ತಿಂಗಳ ಕೊನೆಗೆ ಮಾತ್ರ ಓಡುವ ವರದಿಯೊಂದು ಅದನ್ನೇ ನೆಚ್ಚಿಕೊಂಡಿತ್ತು. ಬ್ಯಾಕಪ್‌ನಿಂದ ಡೇಟಾವನ್ನು ಮರಳಿ ತರುತ್ತ ರಾತ್ರಿಯೆಲ್ಲ ಕುಳಿತಿದ್ದಾಗ ತಿಳಿಯಿತು, ಆ ಹುಡುಗಿ ಇದನ್ನು ಎರಡು ದಿನ ಮೊದಲೇ ಗಮನಿಸಿದ್ದಳು. ಏಕೆ ಹೇಳಲಿಲ್ಲವೆಂದು ಕೇಳಿದೆ. 'ಇನ್ನೂ ಪೂರ್ತಿ ಓದಿ ಮುಗಿಸಿರಲಿಲ್ಲ ಸರ್' ಎಂದಳು.

ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಮಾರನೆಯ ದಿನದ ವರದಿಯಲ್ಲಿ ಕಾರಣವನ್ನು 'ಸಂವಹನದ ಕೊರತೆ' ಎಂದು ಬರೆದೆ. ಯಾರ ಕೊರತೆಯೆಂದು ಬರೆಯಲಿಲ್ಲ. ಕ್ಷಮೆ ಕೇಳಬೇಕೆಂದು ನಾನು ಅಂದುಕೊಳ್ಳುತ್ತಿರುವಾಗಲೇ ಅವಳು ಕೆಲಸ ಬಿಟ್ಟು ಹೋದಳು.

ಬಹಳ ವರ್ಷಗಳ ನಂತರ, ತಂಡಗಳು ಕೆಲಸ ಮಾಡುವ ಬಗೆಯನ್ನು ಅಧ್ಯಯನ ಮಾಡುವ ಪ್ರಾಧ್ಯಾಪಕಿ ಏಮಿ ಎಡ್ಮಂಡ್‌ಸನ್ ಅವರ ಸಂಶೋಧನೆಯ ಬಗ್ಗೆ ಓದಿದೆ. ಆಸ್ಪತ್ರೆಗಳಲ್ಲಿ ಔಷಧ ನೀಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಲು ಹೊರಟ ಅವರಿಗೆ, ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿರುವುದು ಕಂಡಿತಂತೆ. ಅಲ್ಲಿಯವರು ಹೆಚ್ಚು ಎಡವುತ್ತಿದ್ದರೆಂದಲ್ಲ, ಎಡವಿದ್ದನ್ನು ಹೇಳಿಕೊಳ್ಳಲು ಹೆದರುತ್ತಿರಲಿಲ್ಲ ಎಂಬುದು ಅವರಿಗೆ ಹೊಳೆದ ವಿವರಣೆ. 1999ರ ಪ್ರಬಂಧದಲ್ಲಿ ಅವರು ವಿವರಿಸಿದ ತಂಡದ 'ಮಾನಸಿಕ ಸುರಕ್ಷತೆ'ಯ, ಅಂದರೆ ಪ್ರಶ್ನೆ ಕೇಳಿದರೂ ತಪ್ಪು ಒಪ್ಪಿಕೊಂಡರೂ ಅವಮಾನವಾಗದೆಂಬ ನಂಬಿಕೆಯ, ಬೇರು ಅಲ್ಲಿದೆ. ನಾನೋ, ದೂರುಗಳಿಲ್ಲದ ಆ ಎರಡು ತಿಂಗಳನ್ನು ನನ್ನ ಸಾಮರ್ಥ್ಯದ ಲೆಕ್ಕಕ್ಕೆ ಬರೆದುಕೊಂಡಿದ್ದೆ.

ನಿನ್ನ ಮಾತಿನ ಒರಟುತನ ಹುಟ್ಟುಗುಣ ಎಂದಿದ್ದೀಯೆ. ಕಂಪ್ಯೂಟರ್‌ಗಳನ್ನು ನಡೆಸುವ ಲಿನಕ್ಸ್ ತಂತ್ರಾಂಶವನ್ನು ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ಅವರ ಖಾರವಾದ ಇಮೇಲ್‌ಗಳನ್ನು ಪ್ರತಿಭೆಯ ಲಕ್ಷಣವೆಂದೇ ನಾವು ಮೆಚ್ಚುತ್ತಿದ್ದೆವು. 2018ರ ಸೆಪ್ಟೆಂಬರ್‌ನಲ್ಲಿ ಅವರೇ ಬಹಿರಂಗವಾಗಿ ಕ್ಷಮೆ ಕೇಳಿ, ಜನರ ಭಾವನೆಗಳನ್ನು ಅರಿಯಲು ನೆರವು ಪಡೆಯುವೆನೆಂದು ಹೇಳಿ, ಕೆಲಕಾಲ ಬಿಡುವು ತೆಗೆದುಕೊಂಡರು. ಆ ಸುದ್ದಿ ಓದಿದ ದಿನ ನನಗೆ ನೆನಪಾದದ್ದು ಆ ಹುಡುಗಿಯೇ.

ಉಪದೇಶಿಸುವ ಯೋಗ್ಯತೆ ನನಗಿಲ್ಲ. ಆದರೂ, ಟಿಪ್ಪಣಿಗೆ ಉತ್ತರ, ಉತ್ತರಕ್ಕೆ ಮರುಟಿಪ್ಪಣಿ ಎಂದು ಬೆಳೆಯತೊಡಗಿದರೆ ಬರೆಯುವುದನ್ನು ನಿಲ್ಲಿಸಿ ಅವನೊಂದಿಗೆ ಮಾತನಾಡುವುದು ವಾಸಿಯೇನೋ. ನಿನ್ನದೇ ತಪ್ಪೊಂದನ್ನು ಸಭೆಯಲ್ಲಿ ಮೊದಲು ಹೇಳಿ ನೋಡಬಹುದು, ನಾಟಕವೆನಿಸಿದರೆ ಬೇಡ. ಏಕೆ ಸುಮ್ಮನಿದ್ದೀಯೆ ಎಂದು ಮಾತ್ರ ಎಲ್ಲರೆದುರು ಕೇಳಬೇಡ. ನಾನು ಕೇಳಿದ್ದೆ; ಅವಳು ಇನ್ನಷ್ಟು ಕುಗ್ಗಿದಳು.

ಇನ್ನೊಂದು ವಿಷಯ ಉಳಿಯಿತು. ಹುಡುಗನ ಮೌನವನ್ನು ಅಷ್ಟು ವಿವರವಾಗಿ ಬರೆದ ನೀನು, ಅವನ ಕೋಡ್‌ಗೆ ಏನೆಂದು ಬರೆದೆಯೆಂಬುದನ್ನು ಪತ್ರದಲ್ಲಿ ಎಲ್ಲಿಯೂ ಹೇಳಿಲ್ಲ. ನಾನೂ ಆ ರಾತ್ರಿಯ ಕಥೆಯನ್ನು ಹಲವರಿಗೆ ಹೇಳಿದ್ದೇನೆ, ನಾನಾಡಿದ ಮಾತೊಂದನ್ನು ಬಿಟ್ಟು. ಅದನ್ನು ಬರೆದದ್ದು ಇದೇ ಮೊದಲು. ಮುಂದಿನ ಪತ್ರದಲ್ಲಿ ನಿನ್ನ ಆ ಸಾಲನ್ನು ಇದ್ದದ್ದು ಇದ್ದಂತೆ ಬರೆದು ಕಳುಹಿಸು.

ನಿನ್ನ
ದೊಡ್ಡಪ್ಪ